ತಲೆದೂಗುವವನ ಕುತ್ತಿಗೆ

ಹಾಡುವವರನ್ನು ಜನ ಹೊಗಳುತ್ತಾರೆ, ತಬಲಾ ಬಾರಿಸಿದವರಿಗೂ ವರ್ಷಕ್ಕೊಮ್ಮೆ ಶಾಲು ಹೊದಿಸುತ್ತಾರೆ. ಆದರೆ ಮುಂದಿನ ಸಾಲಿನಲ್ಲಿ ಕುಳಿತು ತಲೆದೂಗುವವನಿಗೆ ಒಂದು ಹೂವಿನ ಹಾರ ಹಾಕಿದ್ದನ್ನು ನಾನು ಇಂದಿನವರೆಗೆ ಕಂಡಿಲ್ಲ. ಇದು ಅನ್ಯಾಯ. ಹೀಗೆ ಹೇಳಲು ನನಗೆ ಸ್ವಂತ ಕಾರಣವುಂಟು. ಕೊಪ್ಪಳದ ನಮ್ಮ ಓಣಿಯ ಬಸವಣ್ಣನ ಗುಡಿಯಲ್ಲಿ ಪ್ರತಿ ಸೋಮವಾರ ಸಂಜೆ ನಡೆಯುವ ಭಜನೆಯಲ್ಲಿ ನಾನು ಇಪ್ಪತ್ತು ವರ್ಷ ಈ ಸೇವೆ ಸಲ್ಲಿಸಿದ್ದೇನೆ. ಇನ್ನೊಂದು ಗುಟ್ಟನ್ನೂ ಈಗಲೇ ಹೇಳಿಬಿಡುತ್ತೇನೆ. ನನಗೆ ಸಂಗೀತದ ಗಂಧಗಾಳಿ ಇಲ್ಲ. ನನ್ನ ಎಡಕ್ಕೆ ಒಬ್ಬ ನಿವೃತ್ತ ಮಾಸ್ತರರು ಕೂರುತ್ತಾರೆ, ಅವರಿಗೆ ನಿಜವಾಗಿಯೂ ರಾಗತಾಳ ಗೊತ್ತು. ಓರೆಗಣ್ಣಿನಿಂದ ಅವರನ್ನು ಗಮನಿಸುತ್ತಿದ್ದು, ಅವರ ತಲೆ ಅಲ್ಲಾಡಿದ ಕೂಡಲೇ ನನ್ನದನ್ನೂ ಅಲ್ಲಾಡಿಸುತ್ತಿದ್ದೆ. ಅವರು ಒಂದು ಗೇಣು ಅಲ್ಲಾಡಿಸಿದರೆ ನಾನು ಎರಡು ಗೇಣು. ಹೀಗಾಗಿ ಓಣಿಯಲ್ಲಿ ಮಾಸ್ತರರಿಗಿಂತ ನಾನೇ ದೊಡ್ಡ ರಸಿಕನೆಂದು ಹೆಸರಾಗಿತ್ತು.

ತಲೆದೂಗುವುದು ನನಗೆ ವೃತ್ತಿಯಿಂದಲೇ ಬಂದದ್ದು. ಮೂವತ್ತು ವರ್ಷದಿಂದ ಜವಳಿ ಅಂಗಡಿಯಲ್ಲಿ ಸೀರೆ ತೋರಿಸುತ್ತಿದ್ದೇನೆ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಮದುವೆಯ ಜವಳಿಗೆಂದು ಇಡೀ ಮನೆತನವೇ ಬಂದು ಕೂರುತ್ತದೆ. ಅತ್ತೆ ಗಿಳಿಹಸಿರು ಎತ್ತಿಕೊಂಡರೆ ಅದಕ್ಕೂ ತಲೆದೂಗಬೇಕು, ಅದು ಬೇಡವೆಂದು ಸೊಸೆ ಕಂದು ಬಣ್ಣದ್ದು ಎತ್ತಿಕೊಂಡರೆ ಅದಕ್ಕೂ ತಲೆದೂಗಬೇಕು. ಇದರ ನಡುವೆ ಮೇಲಿನ ಖಾನೆಯ ಸೀರೆಗಳನ್ನು ಕೈ ಎತ್ತಿ ಎತ್ತಿ ಇಳಿಸಬೇಕು. ಗಿರಾಕಿಗಳಿಗೆ ಬೇಕಾದ ಸೀರೆ ಯಾವಾಗಲೂ ಮೇಲಿನ ಖಾನೆಯಲ್ಲೇ ಇರುತ್ತದೆ, ಇದರ ಕಾರಣ ನನಗೆ ಇಂದಿಗೂ ತಿಳಿದಿಲ್ಲ.

ಎರಡು ವರ್ಷದ ಹಿಂದೆ ಬಲಗೈ ಬೆರಳುಗಳು ಜುಮ್ಮೆನ್ನತೊಡಗಿದವು. ಆಮೇಲೆ ಕೈ ಎತ್ತಿದರೆ ಸಾಕು, ಮರಗಟ್ಟುತ್ತಿತ್ತು. ಒಂದು ದಿನ ಮೇಲಿನ ಖಾನೆಯಿಂದ ಇಳಿಸುತ್ತಿದ್ದ ರೇಷ್ಮೆ ಸೀರೆಗಳ ಕಟ್ಟು ಮದುಮಗಳ ಸೋದರಮಾವನ ತಲೆಯ ಮೇಲೆ ಬಿತ್ತು. ಹುಬ್ಬಳ್ಳಿಗೆ ಹೋಗಿ ತೋರಿಸಿದೆ. ಕೊರಳೆಲುಬಿಗೂ ಮೊದಲ ಪಕ್ಕೆಲುಬಿಗೂ ನಡುವಿನ ಸಂದಿಯಲ್ಲಿ ಕೈಯ ನರ ಸಿಕ್ಕಿಕೊಂಡಿದೆ, ಇದಕ್ಕೆ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎನ್ನುತ್ತಾರೆ, ಆ ಪಕ್ಕೆಲುಬನ್ನೇ ತೆಗೆಯಬೇಕು ಎಂದರು ಡಾಕ್ಟರು. ನನ್ನ ಹೆಂಡತಿ ನೀಲವ್ವ, "ಹೆಸರ ಇಷ್ಟುದ್ದ ಐತಿ ಅಂದ್ರ ಬ್ಯಾನಿ ಎಷ್ಟುದ್ದ ಇರ್ಬೇಕು!" ಎಂದು ಅಲ್ಲೇ ಕಣ್ಣೊರೆಸಿಕೊಂಡಳು. ಆಪರೇಷನ್ ಆಯಿತು. ನನಗೆ ಎಚ್ಚರವಾದಾಗ ಅವಳು ನರ್ಸಿಗೆ, "ತಗದ ಎಲುಬು ಎಲ್ಲೈತ್ರಿ? ಮನಿಗೆ ಹೋದಮ್ಯಾಲೆ ಮಂದಿ ಕೇಳ್ತಾರ" ಎಂದು ವಿಚಾರಿಸುತ್ತಿದ್ದಳು.

ಕೈಯ ಜುಮ್ಮು ಹೋಯಿತು. ಆದರೆ ಬಲಗಿವಿಯ ಕೆಳಗಿನಿಂದ ಹೆಗಲಿನವರೆಗೆ ಒಂದು ನೋವು ಬಂದು ಕುಳಿತದ್ದು, ಎದ್ದು ಹೋಗುವ ಮಾತನ್ನೇ ಆಡಲಿಲ್ಲ. ಮತ್ತೆ ಹುಬ್ಬಳ್ಳಿಗೆ ಹೋದೆ. "ನರ ಭಾಳ ದಿನ ಒತ್ತಿಕೊಂಡಿತ್ತ್ರಿ, ಸುತ್ತಲಿನ ಸ್ನಾಯುನೂ ಬಿಗದಾವು. ನಿಧಾನಕ್ಕ ಕಡಿಮಿ ಆಕ್ಕೈತಿ. ನಾವು ಹೇಳಿದ ವ್ಯಾಯಾಮ ಮಾಡ್ರಿ, ಕುತ್ತಿಗಿಗೆ ಝಟಕಾ ಕೊಡಬ್ಯಾಡ್ರಿ" ಎಂದರು ಡಾಕ್ಟರು. ತಲೆದೂಗಬಹುದೇ ಎಂದು ಕೇಳಬೇಕೆಂದಿದ್ದೆ, ನಾಚಿಕೆಯಾಗಿ ಸುಮ್ಮನೆ ಬಂದೆ. ಯಾರಾದರೂ ಕರೆದರೆ ಈಗ ನಾನು ಸೊಂಟದಿಂದ ಮೇಲಿನ ಭಾಗವನ್ನೆಲ್ಲ ತಿರುಗಿಸಿ ನೋಡಬೇಕು. ಗಾಯ ಮಾತ್ರ ಅಂಗಿಯ ಕಾಲರಿನ ಕೆಳಗೆ ಬೆರಳುದ್ದ. ಕಾಣದ ನೋವನ್ನು ನಂಬುವ ಜನ ಕಡಿಮೆ. ಸೆಟೆದು ನಡೆಯುವ ನನ್ನನ್ನು ಕಂಡು, ಹುಬ್ಬಳ್ಳಿಗೆ ಹೋಗಿ ಬಂದವನಿಗೆ ಸೊಕ್ಕು ಬಂದಿದೆ ಎಂದರು.

ಯಾರೇನಂದರೂ ನನಗೆ ಚಿಂತೆಯಿರಲಿಲ್ಲ, ಖಾಜಾಸಾಬನೊಬ್ಬನನ್ನು ಬಿಟ್ಟು. ಖಾಜಾ ದರ್ಜಿ. ನಮ್ಮ ಅಂಗಡಿಯ ಪಕ್ಕದಲ್ಲೇ ಅವನ ಮಷೀನು. ನಾನು ಮಾರಿದ ಸೀರೆಗೆ ಅವನು ಕುಪ್ಪಸ ಹೊಲಿಯುತ್ತಾನೆ, ನಾಲ್ಕು ಗಂಟೆಗೆ ಇಬ್ಬರೂ ಕೂಡಿ ಚಹಾ ಕುಡಿಯುತ್ತೇವೆ. ಸೋಮವಾರದ ಭಜನೆಯಲ್ಲಿ ಹಾರ್ಮೋನಿಯಂ ಪೇಟಿ ಹಿಡಿದು ಹಾಡುವವನು ಅವನೇ, ಅವನ ತಂದೆಯೂ ಅದೇ ಗುಡಿಯಲ್ಲಿ ತತ್ವಪದ ಹಾಡುತ್ತಿದ್ದರು. ಖಾಜಾ ಕಣ್ಣು ಮುಚ್ಚಿ ಹಾಡುತ್ತಾನೆ, ಸಾಲು ಮುಗಿದ ಮೇಲೆ ಒಮ್ಮೆ ಕಣ್ಣು ತೆರೆದು ನೇರವಾಗಿ ನನ್ನ ತಲೆಯನ್ನು ನೋಡುತ್ತಾನೆ. ಅದು ಅಲ್ಲಾಡುತ್ತಿದ್ದರೆ ಮುಂದಿನ ಸಾಲಿಗೆ ಹೋಗುತ್ತಾನೆ.

ಆಪರೇಷನ್ನಿನ ನಂತರ ಮೊದಲ ಸಲ ಭಜನೆಗೆ ಹೋದ ದಿನ ಅವನು ಕಣ್ಣು ತೆರೆದಾಗ ನನ್ನ ತಲೆ ಇದ್ದಲ್ಲೇ ಇತ್ತು. ಅದೇ ಸಾಲನ್ನು ಸ್ವಲ್ಪ ಏರುದನಿಯಲ್ಲಿ ಮತ್ತೆ ಹಾಡಿದ. ತಲೆ ಕದಲಲಿಲ್ಲ. ಮೂರನೆಯ ಸಲ ಎಷ್ಟು ಮೇಲಕ್ಕೆ ಹೋದನೆಂದರೆ ದನಿ ಒಡೆದು ಕೆಮ್ಮು ಬಂತು, ಮುಂದಿನ ಸಾಲೇ ಮರೆತುಹೋಯಿತು. ಮರುದಿನ ಚಹಾದ ಹೊತ್ತಿಗೆ ಕೇಳಿದ:

"ಯಾಕ ಶಂಕ್ರಣ್ಣ, ನಿನ್ನಿ ದನಿ ಬರೋಬ್ಬರಿ ಇದ್ದಿಲ್ಲೇನು?"

"ಛಲೋ ಇತ್ತೋ ಖಾಜಾ. ನನಗ ಕುತ್ತಿಗಿ ನೋವು ನೋಡು."

"ಆಪರೇಷನ್ ಆಗಿ ಮೂರು ತಿಂಗಳಾತಲ್ಲಣ್ಣ. ಇನ್ನೂ ಎಲ್ಲಿ ನೋವು? ಬ್ಯಾಸರ ಆಗಿದ್ರ ಬ್ಯಾಸರ ಆಗೈತಿ ಅನ್ನು."

ತಲೆಗೆ ಬದಲಾಗಿ ಬೇರೆ ಏನಾದರೂ ದೂಗಬೇಕೆಂದು ನಿರ್ಧರಿಸಿದೆ. ಮುಂದಿನ ಸೋಮವಾರ ಬಾಯಿಯಿಂದ "ವಾಹ್ವಾ" ಎಂದೆ. ಮಾಸ್ತರರನ್ನು ಓರೆಗಣ್ಣಿನಿಂದ ನೋಡುವುದಕ್ಕೂ ಕುತ್ತಿಗೆ ಕೊಂಚ ತಿರುಗಬೇಕಲ್ಲ, ಅದು ತಿರುಗದೆ ನನ್ನ ವಾಹ್ವಾ ಖಾಜಾ ಹಾಡು ನಿಲ್ಲಿಸಿ ನೀರು ಕುಡಿಯುವಾಗ ಬಂತು. ಅದರ ಮುಂದಿನ ಸೋಮವಾರ ಕುತ್ತಿಗೆಯನ್ನು ನೆಟ್ಟಗಿಟ್ಟುಕೊಂಡು ಸೊಂಟದಿಂದ ಇಡೀ ಮೈಯನ್ನೇ ತೂಗಿದೆ. ಎರಡು ಸಾಲು ಚೆನ್ನಾಗಿ ನಡೆಯಿತು. ಅಷ್ಟರಲ್ಲಿ ಹಿಂದೆ ಕುಳಿತಿದ್ದ ಕಲ್ಲವ್ವಜ್ಜಿ ಎದ್ದು ಬಂದು ನನ್ನ ಹಣೆಗೆ ವಿಭೂತಿ ಬಳಿದು, ಕೈ ಮುಗಿದು, "ಯಪ್ಪಾ, ನನ್ನ ಎಮ್ಮಿ ಮನಿಗೆ ಬರಲಾರದ ಮೂರು ದಿನಾತು. ಎಲ್ಲೈತಿ ಹೇಳೋ ನನ್ನಪ್ಪಾ" ಎಂದು ಕಾಲು ಹಿಡಿದಳು. ನನ್ನ ಮೈಮೇಲೆ ದೇವರು ಬಂದಿದೆ ಎಂದುಕೊಂಡಿದ್ದಳು. ಬಿಡಿಸಿಕೊಂಡರೆ ಸಾಕೆಂದು "ಬರ್ತೈತಿ ತಗೋಬೇ" ಎಂದೆ. ದುರದೃಷ್ಟಕ್ಕೆ ಎಮ್ಮೆ ಮರುದಿನ ಬೆಳಿಗ್ಗೆಯೇ ಬಂದುಬಿಟ್ಟಿತು. ಆ ವಾರವೆಲ್ಲ ಸೀರೆ ಬೇಡದ ಜನ ಅಂಗಡಿಯ ಮುಂದೆ ನಿಂಬೆಹಣ್ಣು ಹಿಡಿದು ನಿಂತಿದ್ದರು.

ಎಲ್ಲರೂ ನಕ್ಕರು, ಖಾಜಾ ನಗಲಿಲ್ಲ. ತನ್ನ ಹಾಡನ್ನು ಗೇಲಿ ಮಾಡುತ್ತಿದ್ದೇನೆ ಎಂದುಕೊಂಡ. ನಾಲ್ಕು ಗಂಟೆಯ ಚಹಾಕ್ಕೆ ಬರುವುದನ್ನು ಬಿಟ್ಟ. ಗಿರಾಕಿಗಳನ್ನು ಕುಪ್ಪಸ ಹೊಲಿಸಲು ಕಳಿಸಿದರೆ ಹೊಲಿದುಕೊಡುತ್ತಿದ್ದ, ನನ್ನ ಕಡೆ ನೋಡುತ್ತಿರಲಿಲ್ಲ. ಆಮೇಲೆ ಮಾಸ್ತರರ ಮುಂದೆ, "ಬರೋ ಸೋಮವಾರ ಕಡೀದ್ರಿ. ಪೇಟಿ ಬ್ಯಾರೆ ಯಾರಿಗರ ಕೊಡ್ರಿ. ಶಂಕ್ರಣ್ಣಗ ಬ್ಯಾಡಾದ ದನಿ ಊರಿಗೆ ಯಾಕ ಬೇಕು?" ಎಂದನೆಂದು ತಿಳಿಯಿತು. ಹೋಗಿ ನಿಜ ಹೇಳಿಬಿಡೋಣವೆಂದರೆ ಪೂರ್ತಿ ನಿಜ ಹೇಳಬೇಕಾಗುತ್ತಿತ್ತು. ನನ್ನ ತಲೆಗೂ ನಿನ್ನ ಹಾಡಿಗೂ ಯಾವತ್ತೂ ಸಂಬಂಧವಿರಲಿಲ್ಲ ಎಂದು ಇಪ್ಪತ್ತು ವರ್ಷದ ಗೆಳೆಯನಿಗೆ ಯಾವ ಬಾಯಿಂದ ಹೇಳುವುದು? ಹೇಳದಿದ್ದರೆ ಹಾಡು ಬಿಡುತ್ತಾನೆ, ಹೇಳಿದರೆ ನನ್ನನ್ನು ಬಿಡುತ್ತಾನೆ. ನೀಲವ್ವ ಬಿಸಿನೀರಿನ ಚೀಲವನ್ನು ಕುತ್ತಿಗೆಗೆ ಒತ್ತುತ್ತ, "ಏನರ ಆಗ್ಲಿ, ಹೋಗಿ ಅವನ ಎದುರಿಗೆ ಕುಂದರ್ರಿ. ಹೋಗಲಿಲ್ಲ ಅಂದ್ರ ಅದು ಇನ್ನೂ ಕೆಟ್ಟ" ಎಂದಳು.

ಹೋಗಿ ಕುಳಿತೆ. ಖಾಜಾ ನನ್ನನ್ನು ನೋಡಿಯೂ ನೋಡದವನಂತೆ ಪೇಟಿ ಬಿಚ್ಚಿದ. ಅಂದು ತಂದೆ ಹಾಡುತ್ತಿದ್ದ ಪದವನ್ನು ಎತ್ತಿಕೊಂಡ, ತವರಿನವರು ಕರೆಯಲು ಬರುತ್ತಾರೆಂದು ಬಾಗಿಲಲ್ಲಿ ಕಾಯುವ ಹೆಣ್ಣಿನ ಪದ. ನನಗೆ ಮಾಡಲು ಏನೂ ಕೆಲಸವಿರಲಿಲ್ಲ. ಮಾಸ್ತರರನ್ನು ನೋಡುವಂತಿಲ್ಲ, ಅಲ್ಲಾಡುವಂತಿಲ್ಲ. ಬೇರೆ ದಾರಿಯಿಲ್ಲದೆ ಹಾಡನ್ನು ಕೇಳಿದೆ. ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಕತ್ತಲಾಗುತ್ತ ಬಂದು, ಇನ್ನು ಯಾರೂ ಬರುವುದಿಲ್ಲವೆಂದು ಅವಳು ಒಳಗೆ ಹೆಜ್ಜೆಯಿಡುವ ಸಾಲು ಬಂತು. ಖಾಜಾ ಅಲ್ಲಿ ದನಿಯನ್ನು ಏರಿಸಲಿಲ್ಲ, ತೀರ ಇಳಿಸಿ, ಅರೆಗಳಿಗೆ ನಿಲ್ಲಿಸಿದ. ನನ್ನ ತಲೆ ನನ್ನನ್ನು ಕೇಳದೆಯೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಗಿ ಬಂತು.

ಬಲಕ್ಕೆ ಹೋದದ್ದೇ ತಪ್ಪಾಯಿತು. ಕಿವಿಯಿಂದ ಹೆಗಲಿನವರೆಗೆ ಚಳಕು ಹೊಡೆದು ಎರಡೂ ಕಣ್ಣಲ್ಲಿ ದಳದಳ ನೀರು ಸುರಿಯಿತು. ಖಾಜಾ ಸರಿಯಾಗಿ ಆಗಲೇ ಕಣ್ಣು ತೆರೆದ. ನೋಡಿದ. ಆಮೇಲೆ ಆ ಸಾಲನ್ನು ಐದು ಸಲ ಹಾಡಿದ.

ಭಜನೆ ಮುಗಿದು ಜನ ಏಳುತ್ತಿದ್ದಾಗ ನೆಟ್ಟಗೆ ನನ್ನ ಹತ್ತಿರ ಬಂದು ಕುಳಿತ.

"ಅಣ್ಣಾ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ. ನಿನಗ ಹಾಡು ತಿಳಿಯೂದಿಲ್ಲ ಅನ್ನೂದು ನನಗ ಮೊದಲಿಂದ ಗೊತ್ತೈತಿ."

ನಾನು ದಂಗಾದೆ. "ಗೊತ್ತಿದ್ರ ಮತ್ತ ಮುನಿಸಿಕೊಂಡಿದ್ದ್ಯಾಕೋ?"

"ಹಾಡಾಂವಗ ಎದುರಿಗೊಂದು ತಲಿ ಬೇಕಣ್ಣ. ಮಾಸ್ತರ್ರು ಹಾಡಿಗೆ ತಲಿ ದೂಗ್ತಾರ. ನೀ ನನಗ ದೂಗ್ತಿದ್ದಿ. ಅದನ್ನ ನಿಲ್ಲಿಸಿದಿ ಅಂತ ಸಂಕಟ ಆತು." ಹೆಗಲ ಮೇಲಿನ ಟವೆಲ್ಲಿನಿಂದ ಮೂಗು ಒರೆಸಿಕೊಂಡ. "ಖರೇನ ನೋವೈತಿ ಅಂತ ಇವತ್ತ ತಿಳೀತು. ಅಷ್ಟು ನೋವಿನಾಗೂ ನನ್ನ ಸಲುವಾಗಿ ಸುಳ್ಳ ತಲಿ ದೂಗಿದ್ಯಲ್ಲ, ಇದನ್ನ ನಾ ಮರಿಯೂದಿಲ್ಲ."

"ಸುಳ್ಳ ಅಲ್ಲೋ ಖಾಜಾ! ಇವತ್ತಿಂದು ಖರೇನ ಬಂತು."

"ಆತು ಬಿಡಣ್ಣ," ಎಂದು ನಗುತ್ತ ನನ್ನ ಎಡ ಭುಜ ತಟ್ಟಿದ.

"ಬಸವಣ್ಣನ ಆಣಿ!"

"ಗುಡ್ಯಾಗ ಕುಂತು ಸುಳ್ಳ ಆಣಿ ಹಾಕಬಾರದಣ್ಣ, ದೇವರು ನೋಡ್ತಾನ" ಎಂದವನೇ ಪೇಟಿಗೆ ಗವಸು ಹಾಕತೊಡಗಿದ. ಮುಂದಿನ ಸೋಮವಾರ ಯಾವ ಪದ ಹಾಡಬೇಕೆಂದು ಆಗಲೇ ಗುನುಗುತ್ತಿದ್ದ.

ನನಗೆ ಸಂತೋಷವೂ ಆಯಿತು, ಮೈಯೂ ಉರಿಯಿತು. ಇಪ್ಪತ್ತು ವರ್ಷದಲ್ಲಿ ಪ್ರಾಮಾಣಿಕವಾಗಿ ಒಂದೇ ಒಂದು ಸಲ ತಲೆದೂಗಿದ್ದೆ, ಅದಕ್ಕೆ ಒಬ್ಬ ಸಾಕ್ಷಿಯಾದರೂ ಬೇಕಲ್ಲ! ಮಾಸ್ತರರನ್ನೇ ಕೇಳೋಣವೆಂದು ಅವರ ಕಡೆ ತಿರುಗಲು ಹೋದೆ. ಕುತ್ತಿಗೆ ತಿರುಗಲಿಲ್ಲ. ಸೊಂಟ ಹಿಡಿದುಕೊಂಡು, ಮೈಯೆಲ್ಲ ತಿರುಗಿಸಿ ನೋಡುವಷ್ಟರಲ್ಲಿ ಮಾಸ್ತರರು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೋಗಿದ್ದರು.