ಗೊಬ್ಬರದಂಗಡಿ ಮಾಳಿಗೆಯ ಹಕ್ಕಿ ಆಟ

ಅಂಗಡಿಯಲ್ಲಿ ಮಾಲು ಖಾಲಿಯಾಗುವುದುಂಟು, ನಗುವ ಸಂಗತಿಗಳು ಮಾತ್ರ ಖಾಲಿಯಾಗುವುದಿಲ್ಲ. ಒಂದನ್ನು ಹೇಳಿ ಮುಗಿಸುವುದರೊಳಗೆ ಇನ್ನೊಂದು ಮೆಟ್ಟಿಲು ಹತ್ತಿರುತ್ತದೆ. ಇವಂತೂ ನಿಜಕ್ಕೂ ನಮ್ಮ ಮೆಟ್ಟಿಲು ಹತ್ತಿದಂಥವು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸಿಂಧನೂರಿನಲ್ಲಿ ನನ್ನದು ಗೊಬ್ಬರ, ಬೆಳೆಗೆ ಹೊಡೆಯುವ ಔಷಧದ ಅಂಗಡಿ. ಮೇಲಿನ ಖೋಲಿಯಲ್ಲಿ ಮಸ್ಕಿಯಿಂದ ದಿನಾ ಬಸ್ಸಿಗೆ ಬರುವ ಒಬ್ಬ ಮೇಡಂ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರು. ಕಟ್ಟಡದಲ್ಲಿ ಅರ್ಧ ಪಾಲು ಲಿಂಗಸುಗೂರಿನಲ್ಲಿರುವ ನಮ್ಮಣ್ಣನದು. ಅವನೊಮ್ಮೆ ಬಂದವನೇ ಮೇಲೆ ಹತ್ತಿ ನೋಡಿದ. ಇಬ್ಬರು ಕೂತು ಟೈಪು ಮಾಡುತ್ತಿದ್ದರು, ಅದರಲ್ಲೊಬ್ಬ ಆಕಳಿಸುತ್ತಿದ್ದ.

"ಇದಕ್ಕ ಒಂದು ಖೋಲಿ ಬೇಕೇನು? ದಸರಾಕ್ಕ ಬರ್ತೀನಿ. ಅಷ್ಟರಾಗ ಏನರ ಮಾಡಿ ತೋರಿಸಿದ್ರ ಸೈ. ಇಲ್ಲಂದ್ರ ಇಲ್ಲಿ ಯೂರಿಯಾ ಮೂಟಿ ಇಳಸ್ತೀನಿ," ಅಂದ.

ಮೇಡಂ ಮುಖ ಸಣ್ಣದಾಯಿತು. ಆ ಕ್ಲಾಸು ಬಿಟ್ಟರೆ ಅವರಿಗೆ ಬೇರೆ ದುಡಿಮೆ ಇರಲಿಲ್ಲ. ಮರುದಿನ ನನ್ನ ಗಲ್ಲಾದ ಮುಂದೆ ನಿಂತು, "ಸಾವ್ಕಾರ್ರೆ, ಟೈಪಿಂಗಿಗೆ ಯಾರೂ ಬರವಲ್ರು. ಸಣ್ಣ ಸಣ್ಣ ಆಟ ಮಾಡೋದು ಕಲಸ್ತೀನ್ರಿ. ಬ್ರೌಸರಿನಾಗ ತೆರೆಯೋ ಆಟ," ಎಂದರು.

ಬ್ರೌಸರ್ ಅಂದರೆ ಇಂಟರ್ನೆಟ್ಟಿನ ಪುಟ ನೋಡುವ ಕಿಟಕಿ. ನಮ್ಮಲ್ಲಿ ಬ್ರೌಸರ್ ಇತ್ತು, ಇಂಟರ್ನೆಟ್ ಇರಲಿಲ್ಲ. ನಲ್ಲಿ ಕೂರಿಸಿದ್ದರು, ನೀರು ಬಿಟ್ಟಿರಲಿಲ್ಲ. ಆದರೂ ನಾವೇ ಮಾಡಿದ ಪುಟ ಅದರಲ್ಲಿ ತೆರೆಯುತ್ತದಂತೆ.

"ಮಾಡಾಕ ಸಾಮಾನು ಯಾವುದು?" ಅಂದೆ.

"ಅದನ್ನ ಕೇಳಾಕ ಬಂದೀನ್ರಿ. ಹೊಸಬರಿಗೆ ಯಾವುದು ಸುಲಭ ಅಂತ ನಿಮಗ ಗೊತ್ತಿರತೈತಿ."

ನನಗೆ ಕಂಪ್ಯೂಟರ್ ಗೊತ್ತಿರಲಿಲ್ಲ, ಗಿರಾಕಿ ಗೊತ್ತಿತ್ತು. ಹೊಸ ಸ್ಪ್ರೇ ಪಂಪು ಕೊಳ್ಳುವವನಿಗೆ ನಮ್ಮಲ್ಲಿ ಒಂದು ರಿವಾಜು: ಅಂಗಡಿ ಮುಂದೆ ಬರೀ ನೀರು ತುಂಬಿ, ತಾನೇ ಹೊತ್ತು, ತಾನೇ ಹೊಡೆದು ನೋಡಬೇಕು. ನಾನು ಹೊಡೆದು ತೋರಿಸಿದ್ದು ಲೆಕ್ಕಕ್ಕಿಲ್ಲ. "ನಿಮ್ಮ ಸಾಮಾನಿಗೂ ಅದೇ ಪರೀಕ್ಷಾ," ಅಂದೆ. "ಕೂತ ದಿನಾನ ನೀರು ಚಿಮ್ಮಬೇಕು. ಕೂರೋ ಮಂದಿನ್ನ ನಾ ಕಳಸ್ತೀನಿ."

ಗುಂಡಿ ಹುಡುಕುವುದು

ಮೊದಲನೆಯದು ಮೇಡಂ ಯಾರಿಂದಲೋ ತರಿಸಿದ ಸೀಡಿ. ದೊಡ್ಡ ಕಂಪನಿಗಳು ಆಟ ಮಾಡುವುದೇ ಅದರಲ್ಲಂತೆ. ಗೊಬ್ಬರಕ್ಕೆ ಬಂದಿದ್ದ ಪಕ್ಕದ ಆರ್.ಎಚ್. ಕ್ಯಾಂಪ್ ಎಂಬ ಊರಿನ ಭತ್ತದ ರೈತನೊಬ್ಬನನ್ನು, "ಗಾಡಿ ತುಂಬೋತನಕ ಮ್ಯಾಲೆ ಕೂತ್ಕೊಂಡ್ ಬಾ," ಅಂತ ಕಳಿಸಿದೆ. ಪರದೆ ತುಂಬ ಒತ್ತುವ ಗುಂಡಿಗಳು. ಮೇಡಂ ಒಂದರ ಹೆಸರು ಹೇಳುವುದು, ಅವನು ಮೂಗು ತಾಗಿಸಿ ಹುಡುಕುವುದು. ಕೆಳಗೆ ಗಾಡಿ ತುಂಬಿ, ಎತ್ತುಗಳು ಮೇವು ತಿಂದು ಮುಗಿಸಿದವು. ಇವನು ಇಳಿಯಲೇ ಇಲ್ಲ. ಹತ್ತಿ ನೋಡಿದರೆ ಬೆವರಿನಲ್ಲಿ ತೊಯ್ದಿದ್ದಾನೆ, ಮುಖದಲ್ಲಿ ಮಾತ್ರ ಗೆದ್ದ ಕಳೆ.

"ಆಟ ಚಲೋ ಐತ್ರಿ ಸಾವ್ಕಾರ್ರೆ," ಅಂದ. "ಗುಂಡಿ ಭಾಳ ಹುಷಾರಿಲೆ ಮುಚ್ಚಿಟ್ಟಾರ. ಆದ್ರೂ ನಾಕು ಹಿಡದೀನಿ!"

ಆಟ ಇನ್ನೂ ಶುರುವಾಗಿಯೇ ಇಲ್ಲ ಅಂತ ಹೇಳಲು ಮೇಡಂಗೆ ಮನಸ್ಸು ಬರಲಿಲ್ಲ.

ಇಷ್ಟೊಂದು ಐಸು

ಎರಡನೆಯ ಸಾಮಾನಿನಲ್ಲಿ ಚಿತ್ರಗಳೆಲ್ಲ ತಯಾರು, ಎಳೆದು ತಂದು ಇಟ್ಟರಾಯಿತು. ಪಕ್ಕದ ಸೋಡಾ ಅಂಗಡಿಯವನನ್ನು ಕೂರಿಸಿದೆವು. ಚಿತ್ರಗಳೋ ಬರೀ ಹಿಮದ ಗುಡ್ಡ, ಹಿಮದ ಮನೆ, ಹಿಮದ ಮೇಲೆ ಜಾರುವ ಮನುಷ್ಯ. ಹೊರಗೆ ನಮ್ಮ ಸಿಂಧನೂರಿನ ಬಿಸಿಲು. ಇವನು ಒಂದನ್ನೂ ಎಳೆಯದೆ ಕೆನ್ನೆಗೆ ಕೈಕೊಟ್ಟು ಕೂತ.

"ಯಾಕ್ರಿ, ಎಳೀರಲಾ," ಎಂದರು ಮೇಡಂ.

"ತಡೀರಿ ಮೇಡಂ, ಜೀವಕ್ಕ ತಂಪಾಗಾಕತ್ತೈತಿ."

ಆಮೇಲೆ ತಿಳಿಯಿತು, ಅದರಲ್ಲಿ ಮಾಡಿದ ಆಟ ಬ್ರೌಸರಿನಲ್ಲಿ ತೆರೆಯಲು ಇನ್ನೊಂದು ಸಾಮಾನು ಬೇಕು, ಅದು ಸಿಗುವುದು ಇಂಟರ್ನೆಟ್ಟಿನಲ್ಲಿ. ಪಂಪು ಕೈಗೆ ಕೊಟ್ಟು ಅದರ ನಳಿಗೆಯನ್ನು ಪರದೇಶದಲ್ಲಿಟ್ಟ ಹಾಗೆ. "ತೆಗೆದಿಡ್ರಿ," ಅಂದೆ. ಸೋಡಾದವನಿಗೇ ಕೆಡುಕೆನಿಸಿತು. "ಬ್ಯಾಸಗಿತನಕ ಇರಲಿ ಬಿಡ್ರಿ," ಅಂದ.

ಮುಗಿಯದ ಆಟ

ದಸರಾ ಹತ್ತಿರ ಬಂತು. ಕೊನೆಗೆ ಮೇಡಂ ಕಂಪ್ಯೂಟರಿನಲ್ಲಿ ಮೊದಲಿನಿಂದಲೂ ಇದ್ದ ಬರೀ ಬರೆಯುವ ಪುಟ ತೆರೆದರು. ಗೊಬ್ಬರಕ್ಕೆ ಮತ್ತೆ ಬಂದಿದ್ದ ಕ್ಯಾಂಪಿನ ರೈತ, ಮೇಡಂ ಹೇಳಿದ ಹತ್ತಾರು ಸಾಲು ಒಂದೇ ಬೆರಳಿನಿಂದ ಕುಟ್ಟಿದ. ಬ್ರೌಸರಿನಲ್ಲಿ ತೆರೆದರೆ, ತೆನೆಯ ಮೇಲೊಂದು ಹಕ್ಕಿ! ಮೌಸು ಒತ್ತಿದರೆ ಪುರ್ರ್ ಅಂತ ಮಾಯ. ನೀರು ಚಿಮ್ಮಿತು.

"ಹಕ್ಕಿ ತೆನಿ ತಿಂದುಬಿಟ್ರ?" ಎಂದ ಸೋಡಾದವನು.

"ಆಟ ಮುಗೀತು, ಸೋತಂಗ," ಎಂದರು ಮೇಡಂ.

ರೈತನಿಗೆ ಸಿಟ್ಟೇ ಬಂತು. "ಹೆಂಗ ಮುಗೀತೈತ್ರಿ? ಒಂದು ತೆನಿ ತಿಂತು ಅಂತ ಯಾವನರ ಗದ್ದಿ ಬಿಟ್ಟು ಮನಿಗೆ ಹೋಗ್ತಾನ?"

ಮುಗಿಸುವ ಸಾಲನ್ನು ಅಳಿಸುವವರೆಗೂ ಅವನು ಬಿಡಲಿಲ್ಲ. ಹೀಗಾಗಿ ಎದ್ದು ಹೋದರಷ್ಟೇ ಮುಗಿಯುವ ಆಟ ತಯಾರಾಯಿತು.

ಪೂಜೆ ಆಗೈತಿ

ಆಯುಧ ಪೂಜೆಯ ದಿನ ಅಣ್ಣ ಬಂದ. ಮೂಟೆಯ ಲಾರಿಗೆ ಮರುದಿನ ಮುಂಜಾನೆ ಬರಲು ಹೇಳಿಯೇ ಬಂದಿದ್ದ. ನಮ್ಮವರು ಆಟ ತೆರೆದಿಟ್ಟು, ಭಕ್ತಿಯಿಂದ ಕಂಪ್ಯೂಟರಿಗೆ ಪೂಜೆ ಮುಗಿಸಿದ್ದರು. ಪರದೆಗೆ ಅಡ್ಡ ವಿಭೂತಿ, ನಟ್ಟನಡುವೆ ರೊಟ್ಟಿಯಷ್ಟಗಲ ಕುಂಕುಮ, ಕೀಲಿಮಣೆಯ ಮೇಲೆ ಚೆಂಡುಹೂವು.

"ತೋರಿಸ್ರಿ," ಅಂದ ಅಣ್ಣ.

ಎಲ್ಲರೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಪೂಜೆ ಮಾಡಿದ ಆಯುಧವನ್ನು ಆ ದಿನ ದುಡಿಸುವುದುಂಟೆ? ಅಣ್ಣನೂ ದಿನಾ ಲಿಂಗಪೂಜೆ ಮಾಡದೆ ನೀರು ಮುಟ್ಟದವನು. "ಪೂಜಿ ಆಗೈತಿ, ಮುಟ್ಟಂಗಿಲ್ಲ ಅಂತೀರಿ. ಆತು, ನಾಳೆ ಮೂಟಿ ಬರ್ತಾವ," ಅಂತ ಎದ್ದ.

ಆಗ ಮೇಡಂ ಬಾಯಿಬಿಟ್ಟರು. "ಕೀಲಿಮಣಿ ನಮ್ಮ ನೇಗಿಲಾ ಇದ್ದಂಗ್ರಿ, ಅದನ್ನ ಮುಟ್ಟಂಗಿಲ್ಲ. ಆಟ ಅಂದ್ರ ಬೆಳೆದ ಜೋಳ. ಹಬ್ಬದ ದಿನ ಜೋಳದ ರೊಟ್ಟಿ ತಿನ್ನಂಗಿಲ್ಲೇನ್ರಿ? ಮೌಸಿಗೆ ಕುಂಕುಮಾನೂ ಹಚ್ಚಿಲ್ಲ, ನೋಡ್ರಿ."

ಅಣ್ಣ ಯೋಚಿಸಿ ಕೂತ. ಹಕ್ಕಿ ಬಂತು, ಒತ್ತಿದ, ಹಾರಿತು. ಮೀಸೆಯಲ್ಲಿ ನಕ್ಕ. ಎರಡನೆಯ ಹಕ್ಕಿ ಸೀದಾ ಕುಂಕುಮದ ಹಿಂದೆ ಹೋಗಿ ಕೂತು ತೆನೆ ತಿಂದಿತು.

"ಲೇ, ಅಲ್ಲೇ ಅಡಗೇತಲೇ ಅದು! ಒರಸ್ರಿ!" ಅಂದವನು ತಾನೇ ಕೈ ಹಿಂದೆ ತೆಗೆದ. "ಬ್ಯಾಡ ಬ್ಯಾಡ, ಪೂಜಿ ಆಗೈತಿ."

ಹೋಳಿಗೆ ಆರಿತು. ಹಬ್ಬಕ್ಕೆ ಜೊತೆಗೆ ಬಂದಿದ್ದ ಅತ್ತಿಗೆ ಊಟಕ್ಕೆ ಎರಡು ಸಲ ಹೇಳಿ ಕಳಿಸಿದಳು. ಸಂಜೆ ಕೈಹಿಡಿದು ಎಬ್ಬಿಸಿದ್ದಾಯಿತು. ಮುಂಜಾನೆ ನೋಡಿದರೆ ಹಾಸಿಗೆ ಖಾಲಿ, ಮತ್ತೆ ಅಲ್ಲೇ ಕೂತಿದ್ದಾನೆ. ಅಷ್ಟರಲ್ಲಿ ಲಾರಿ ಬಂತು. ಹಮಾಲನೊಬ್ಬ ಮೂಟೆ ಹೊತ್ತು ಮೆಟ್ಟಿಲು ಹತ್ತಿ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತ.

"ಸಾವ್ಕಾರ್ರೆ, ಎಲ್ಲಿ ಇಳಸೂಣ್ರಿ?"

ಅಣ್ಣ ಕುಂಕುಮದಿಂದ ಕಣ್ಣು ಕೀಳಲಿಲ್ಲ. "ಕೆಳಗ ಒಯ್ಯೋ ಮಾರಾಯ, ಖೋಲಿ ಖಾಲಿ ಇಲ್ಲ. ಈ ಕಡೆ ನೋಡಿದ್ರ ಹಕ್ಕಿ ತೆನಿ ತಿಂದೀತು!"