ಬೀಗರನ್ನು ಕೆಳಗಿಳಿಸಿದ ರಬ್ಬರ್ ತುಂಡಿಗೆ

ಮಾನ್ಯ ಗೇರ್‌ಬಾಕ್ಸ್ ಮೌಂಟ್ ಅವರೇ,

ಹನ್ನೆರಡು ಸೀಟಿನ ವ್ಯಾನಿನ ಮಾಲೀಕನೂ ಚಾಲಕನೂ ಆದ ನನ್ನ ಸಾಷ್ಟಾಂಗ ನಮಸ್ಕಾರಗಳನ್ನು ಸ್ವೀಕರಿಸಬೇಕು. ಸಾಷ್ಟಾಂಗ ಎಂದದ್ದು ಬರೀ ಬಾಯುಪಚಾರಕ್ಕಲ್ಲ. ಕಳೆದ ಮಂಗಳವಾರ ತಮ್ಮ ದರ್ಶನಕ್ಕೆಂದು ಗ್ಯಾರೇಜಿನ ಜಿಡ್ಡು ನೆಲದ ಮೇಲೆ ಉದ್ದಕ್ಕೆ ಮಲಗಿದ್ದೆ, ಮುಖ ಮಾತ್ರ ಮೇಲಕ್ಕಿತ್ತು. ಹನ್ನೊಂದು ವರ್ಷ ನನ್ನ ಪಾದದ ಕೆಳಗೇ ಇದ್ದು, ಒಂದು ದಿನವೂ ಎದುರಿಗೆ ಬಾರದೆ, ಹೆಸರು ಕೂಡ ಹೇಳದೆ ದುಡಿದ ತಮ್ಮಂಥ ಸಂಕೋಚ ಸ್ವಭಾವದವರನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಆ ಸಂಕೋಚವೇ ನನ್ನ ಸಂಸಾರಕ್ಕೆ ಬೆಂಕಿ ಇಟ್ಟಿತು ಎಂಬುದಷ್ಟೇ ನನ್ನ ದೂರು.

ತಾವು ಯಾರೆಂದು ಓದುಗರಿಗೆ ತಿಳಿಯದಿದ್ದರೆ ತಪ್ಪು ಅವರದಲ್ಲ. ಅಂಗೈಯಗಲದ ಎರಡು ತಗಡು, ನಡುವೆ ಒಂದು ರಬ್ಬರ್ ಗಟ್ಟಿ, ಇಷ್ಟೇ ತಾವು. ಭಾರವಾದ ಗೇರ್‌ಬಾಕ್ಸಿನ ಹಿಂತುದಿ ಒಂದು ಅಡ್ಡಪಟ್ಟಿಯ ಮೇಲೆ ಕೂತಿರುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗದಂತೆ ನಡುವೆ ತಾವು ದಿಂಬಿನ ಹಾಗೆ ಕೂತು, ಅದುರನ್ನೆಲ್ಲ ನುಂಗಿ, ಅದನ್ನು ಅಲುಗಾಡದಂತೆ ಹಿಡಿದಿರುತ್ತೀರಿ. ಗೇರ್‌ಬಾಕ್ಸ್ ಎಣ್ಣೆ ಸೋರಿದರೆ ಅದನ್ನೂ ತಾವೇ ಹೀರಿಕೊಳ್ಳುತ್ತೀರಿ. ಹೀಗೆ ಹೀರಿ ಹೀರಿ ಮೆತ್ತಗಾಗಿ, ಉಬ್ಬಿ, ಬಿರಿದು, ಕೊನೆಗೆ ಎರಡು ತಗಡೂ ಎರಡು ದಾರಿ ಹಿಡಿದ ಮೇಲೆಯೂ ಮೇಲಿನಿಂದ ನೋಡಿದವರಿಗೆ ಏನೂ ಆಗಿಲ್ಲವೆಂಬಂತೆ ಇದ್ದಲ್ಲೇ ಕೂತಿರುವ ತಮ್ಮ ಗಾಂಭೀರ್ಯಕ್ಕೆ ಬಹುಮಾನ ಕೊಡಬೇಕು.

ತಾವು ಮುನ್ಸೂಚನೆ ಕೊಡಲಿಲ್ಲವೆಂದು ನಾನು ಹೇಳುವುದಿಲ್ಲ. ಕೊಟ್ಟಿರಿ, ಧಾರಾಳವಾಗಿ ಕೊಟ್ಟಿರಿ. ಸಿಗ್ನಲ್ಲಿನಲ್ಲಿ ನಿಂತಾಗ ಗಾಡಿಯೊಳಗಿನ ನೆಲದ ತಗಡು ಜ್ವರ ಬಂದವರ ಹಾಗೆ ನಡುಗಿತು. ಗೇರಿನ ಕೋಲು ನನ್ನ ಕೈಯಲ್ಲಿ ಕುಣಿಯಿತು. ರಿವರ್ಸ್ ಹಾಕಿದರೆ ಕೆಳಗಿನಿಂದ ಯಾರೋ ಒದ್ದಂತಾಯಿತು. ಏರಿನಲ್ಲಿ ಕ್ಲಚ್ ಬಿಟ್ಟೊಡನೆ ‘ದಡ್’ ಎಂಬ ಸದ್ದು ಬಂತು. ಕ್ಲೀನರ್ ಕೆಲಸದಿಂದ ಶುರುಮಾಡಿ ಸ್ವಂತ ಗಾಡಿಯವರೆಗೆ ಬಂದವನಿಗೆ ಇಷ್ಟು ಸಾಕಲ್ಲವೇ? ಸಾಲದು. ಏಕೆಂದರೆ ನನಗೆ ಬುದ್ಧಿಯ ಜೊತೆಗೆ ಒಂದು ನೋಟ್‌ಬುಕ್ಕೂ ಇದೆ.

ಗಾಡಿಯಲ್ಲಿ ಏನೇ ಸದ್ದು ಬಂದರೂ ದಿನ, ಜಾಗ, ಗೇರು, ಯಾರು ಎಲ್ಲಿ ಕೂತಿದ್ದರು ಎಂದು ಬರೆದಿಡುವುದು ನನ್ನ ಪದ್ಧತಿ. ಮೂರು ವಾರದ ಸದ್ದುಗಳನ್ನು ಒಟ್ಟುಮಾಡಿ ನೋಡಿದೆ. ಮುಂದಿನ ಸೀಟಿನಲ್ಲಿ ನಮ್ಮ ಬೀಗರು, ಅಂದರೆ ನನ್ನ ಮಗಳ ಮಾವ, ಕೂತಿದ್ದಾಗ ಮೂವತ್ತೊಂದು ‘ದಡ್’. ಅವರು ಇಳಿದ ಮೇಲೆ ಎರಡು. ಬೀಗರು ಮೈಕಟ್ಟಿನಲ್ಲಿ ಧಾರಾಳಿಗಳು. ಇನ್ನೇನು ಸಾಕ್ಷಿ ಬೇಕು? ಅವರು ಇಳಿಯುವ ಜಾಗ ಏರಿನ ತುತ್ತತುದಿಯಲ್ಲಿದೆ, ಅಲ್ಲಿಂದ ಮುಂದೆ ರಸ್ತೆ ಅಂಗೈಯಷ್ಟು ಸಮತಟ್ಟು ಎಂಬ ಸಣ್ಣ ವಿಷಯಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಕಾಲಂ ಇರಲಿಲ್ಲ.

ಮರುದಿನ ಬೆಳಿಗ್ಗೆ, ಏರಿನ ಬುಡದಲ್ಲಿ, ಹತ್ತು ಜನ ಪ್ರಯಾಣಿಕರ ಮುಂದೆ, ಆದಷ್ಟೂ ನಯವಾಗಿ ಹೇಳಿದೆ: “ಬೀಗರೇ, ನೀವು ಸ್ವಲ್ಪ ಹಿಂದಿನ ಸೀಟಿಗೆ ಹೋದ್ರೆ ಗಾಡಿ ಉಸಿರಾಡುತ್ತೆ.”

ಅವರ ಉದ್ಯೋಗ ಏನೆಂದು ತಮಗೆ ತಿಳಿದಿರಲಿಕ್ಕಿಲ್ಲ. ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಗುಮಾಸ್ತರು. ಬಾಗಿಲು ತೆಗೆದು, ನಿಧಾನವಾಗಿ ಇಳಿದು, ಅಂಗಿ ಸರಿಮಾಡಿಕೊಂಡು ಅಂದರು: “ಮೂವತ್ತು ವರ್ಷದಿಂದ ನಾನೇ ಊರಿನ ಲಾರಿಗಳನ್ನೆಲ್ಲ ತೂಗ್ತಿದೀನಿ. ನನ್ನನ್ನ ತೂಗಿದ ಮೊದಲನೇ ಮನುಷ್ಯ ನೀವು. ಬರ್ತೀನಿ.” ಆಮೇಲೆ ನೋಯುವ ಮಂಡಿ ಹಿಡಿದುಕೊಂಡೇ ಏರು ಹತ್ತಿದರು. ಹಿಂದಿನ ಸೀಟಿನ ಟೈಲರ್ ಅಕ್ಕ “ಅಯ್ಯೋ ದೇವರೇ” ಅಂದರು. ತಾವು ಏರಿನ ನಡುವೆ ‘ದಡ್’ ಅಂದಿರಿ.

ಬೀಗರಿಲ್ಲದೆಯೂ ಸದ್ದು ಬಂದದ್ದಕ್ಕೆ ನಾನು ಕಂಡುಕೊಂಡ ಕಾರಣ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಇಷ್ಟು ದಿನ ಅವರು ಕೂತಿದ್ದರಲ್ಲ, ಅದರ ಪರಿಣಾಮ ಇನ್ನೂ ಇಳಿದಿಲ್ಲ ಎಂದುಕೊಂಡೆ. ಇಳಿಯಲೆಂದು ಒಂದು ವಾರ ಕಾದೆ.

ಆ ವಾರದಲ್ಲಿ ಮನೆಯ ಹವಾಮಾನ ಬದಲಾಯಿತು. ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದ ಮಗಳು ತಾಯಿಯ ಹತ್ತಿರ ಮಾತ್ರ ಮಾತಾಡಿ ಇಡತೊಡಗಿದಳು. ನಾನು ಫೋನ್ ಕಸಿದುಕೊಂಡ ದಿನ ಹೇಳಿದಳು: “ಅಪ್ಪಾ, ಮಾವ ದಿನಾ ಬಸ್ಸಲ್ಲಿ ನಿಂತ್ಕೊಂಡೇ ಹೋಗ್ತಾರೆ. ಸಾಯಂಕಾಲ ಬಂದು ಮಂಡಿಗೆ ಶಾಖ ಕೊಟ್ಕೋತಾರೆ. ನಿನ್ನ ವಿಷಯ ಒಂದು ಮಾತೂ ಆಡಲ್ಲ. ಬೈದಿದ್ರೆ ನಾನೂ ಎದುರು ಹೇಳಬಹುದಿತ್ತು. ಇಲ್ಲಿ ನಾನು ಯಾವ ಮುಖ ಇಟ್ಕೊಂಡು ಊಟಕ್ಕೆ ಬಡಿಸ್ಲಿ, ಅದನ್ನೂ ಆ ನಿನ್ನ ಪುಸ್ತಕದಲ್ಲಿ ಬರ್ಕೋ.” ನಾನು ಬರೆದುಕೊಳ್ಳಲಿಲ್ಲ. ನನ್ನ ಹೆಂಡತಿ ಆ ರಾತ್ರಿಯಿಂದ ನನ್ನ ತಟ್ಟೆಯನ್ನು ಮೇಜಿನ ಮೇಲೆ ಇಡುವ ರೀತಿಗೂ ತಮ್ಮ ‘ದಡ್’ಗೂ ಹೆಚ್ಚೇನೂ ವ್ಯತ್ಯಾಸವಿರಲಿಲ್ಲ.

ಕೊನೆಗೆ ತಾವೇ ಮನಸ್ಸು ಮಾಡಿದಿರಿ. ಸೋಮವಾರ ಅದೇ ಏರಿನಲ್ಲಿ ಗೇರ್ ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬಂತು; ಹತ್ತು ಜನರನ್ನು ಹೊತ್ತ ಗಾಡಿ ನಾಲ್ಕು ಮಾರು ಹಿಂದಕ್ಕೆ ಜಾರಿತು. ಬ್ರೇಕ್ ಹಿಡಿಯಿತು, ನನ್ನ ಎದೆ ಹಿಡಿಯಲಿಲ್ಲ. ಮಾರನೆಯ ದಿನ ಮೆಕ್ಯಾನಿಕ್ ಗೇರ್‌ಬಾಕ್ಸಿನ ಕೆಳಗೆ ಮರದ ತುಂಡು ಕೊಟ್ಟು, ಜಾಕಿನಿಂದ ಎರಡು ಬೆರಳಷ್ಟು ಎತ್ತಿ, ಟಾರ್ಚ್ ಬೆಳಕು ಬಿಟ್ಟು ನನ್ನನ್ನು ಕರೆದರು: “ನೋಡಿಯಣ್ಣಾ, ಗೇರ್‌ಬಾಕ್ಸ್ ಮೇಲೆ ಹೋಯ್ತು, ರಬ್ಬರ್ ಕೆಳಗೇ ಉಳೀತು. ಇದು ಸತ್ತು ಆರು ತಿಂಗಳಾಗಿದೆ. ಪಾಪ, ಗೇರ್‌ಬಾಕ್ಸು ಬರೀ ಅಭ್ಯಾಸದಿಂದ ಕೂತಿದೆ.” ಮುಂದಿನ ಸೀಟಿನ ಭಾರಕ್ಕೂ ಇದಕ್ಕೂ ಸಂಬಂಧ ಉಂಟೇ ಎಂದು ಕೇಳಿದೆ. ಅವರು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು.

ತಮ್ಮನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಬೀಗರ ಮನೆಗೆ ಹೋದೆ. ಸೊಸೆ, ಅಂದರೆ ನನ್ನ ಮಗಳು, ನೀರು ತಂದಿಟ್ಟು ಬಾಗಿಲ ಬಳಿಯೇ ನಿಂತಳು. ಬೀಗರು ತಮ್ಮನ್ನು ಕೈಗೆ ತೆಗೆದುಕೊಂಡು ತಿರುಗಿಸಿ, ಬಿರುಕಿನಲ್ಲಿ ಹೆಬ್ಬೆರಳು ತೂರಿಸಿ, ಬಹಳ ಹೊತ್ತು ನೋಡಿದರು. “ಇಷ್ಟಕ್ಕಾ?” ಅಂದರು. ಆಮೇಲೆ ಅಂದರು: “ನಾನು ಗಾಡಿಗೆ ಬರ್ತೀನಿ ಬೀಗರೇ, ಸಿಟ್ಟಿಲ್ಲ. ಆದ್ರೆ ಹತ್ತು ಜನದ ಮುಂದೆ ಆಡಿದ ಮಾತು, ನಾಲ್ಕು ಗೋಡೆ ಮಧ್ಯೆ ವಾಪಸು ಆಗಲ್ಲ.”

ಆದಕಾರಣ ಈ ಪತ್ರ ಬಹಿರಂಗವಾಗಿ, ಚಾಲಕನ ಸೀಟಿನ ಬೆನ್ನಿಗೆ, ಹತ್ತೂ ಜನರ ಕಣ್ಣಿಗೆ ಬೀಳುವಂತೆ ಅಂಟಿದೆ. ತಮ್ಮಲ್ಲಿ ನನ್ನ ಕೋರಿಕೆಗಳು ಸರಳವಾದವು. ತಾವು ದಯಮಾಡಿ ಮತ್ತೆ ಒಂದಾಗಿ, ಏರಿನ ಬುಡಕ್ಕೆ ಬಂದು, ಆ ದಿನದ ಬೆಳಿಗ್ಗೆಯನ್ನು ಎರಡು ತಗಡಿನ ನಡುವೆ ಅಮುಕಿ ಹಿಡಿಯಬೇಕು. ಸಾಧ್ಯವಿಲ್ಲವೆಂದರೆ, ತಪ್ಪೆಲ್ಲ ತಮ್ಮದೇ ಎಂದು ಒಂದು ಸಾಲು ಬರೆದು ರುಜು ಹಾಕಿ ಕೊಡಬೇಕು. ಅದೂ ಆಗದೆಂದು ಬಲ್ಲೆ. ಆದ್ದರಿಂದ ಆ ಸಾಲನ್ನು ನಾನೇ ಬರೆಯುತ್ತಿದ್ದೇನೆ: ಹರಿದದ್ದು ರಬ್ಬರು, ನೋಡದೆ ಇದ್ದವನು ನಾನು, ನಡೆದು ಏರು ಹತ್ತಿದವರು ನಮ್ಮ ಬೀಗರು. ಅವರಲ್ಲಿ ಕ್ಷಮೆ ಕೇಳುತ್ತೇನೆ.

ಇಷ್ಟು ಬರೆಸಿಕೊಂಡ ತಮಗೆ ಕೈಮುಗಿದು,
ಇನ್ನು ಮುಂದಾದರೂ ಬಗ್ಗಿ ನೋಡಲಿರುವ ತಮ್ಮ ವಿಶ್ವಾಸಿ,
ವ್ಯಾನಿನ ಮಾಲೀಕ ಮತ್ತು ಚಾಲಕ

ತಾ.ಕ.: ಎಂಜಿನ್ನಿನ ಇಕ್ಕೆಲದಲ್ಲಿ ತಮ್ಮದೇ ವಯಸ್ಸಿನ ತಮ್ಮ ಇಬ್ಬರು ದಾಯಾದಿಗಳೂ ಇದ್ದಾರಂತೆ, ಒಬ್ಬರು ಆಗಲೇ ಬಿರುಕು ಬಿಟ್ಟಿದ್ದಾರೆಂದು ಮೆಕ್ಯಾನಿಕ್ ಹೇಳಿದ್ದಾರೆ. ಅವರನ್ನು ಬದಲಾಯಿಸುವವರೆಗೆ ಗಾಡಿ ನಡುಗಿದರೆ ಯಾವ ಪ್ರಯಾಣಿಕರ ಮೇಲೂ ಅನುಮಾನವಿಲ್ಲ. ಟೈಲರ್ ಅಕ್ಕ ನಿನ್ನೆಯಿಂದ ಸೀಟಿನ ತುದಿಯಲ್ಲಿ ಉಸಿರು ಬಿಗಿಹಿಡಿದು ಕೂರುತ್ತಿದ್ದಾರೆ. ದಯವಿಟ್ಟು ಆರಾಮಾಗಿ ಕೂರಬೇಕು.