ಚಾಕು ಬಿಚ್ಚಿದ ಅಕ್ಕೋರು

ಕೆಟ್ಟ ಸಾಮಾನನ್ನು ಯಾರಾದರೂ "ಒಗೀರಿ ಅತ್ತಾಗ" ಅಂದರೆ ಸಾಕು, ನನ್ನ ಕೈ ಸ್ಕ್ರೂಡ್ರೈವರ್ ಹುಡುಕಲು ಶುರುಮಾಡುತ್ತದೆ. ಆಮೇಲೆ ಏನಾದರೊಂದು ಆಗಿಯೇ ಆಗುತ್ತದೆ. ಛತ್ರಿ, ಮಿಕ್ಸರ್, ಗೋಡೆ ಗಡಿಯಾರ, ಒಂದೊಂದಕ್ಕೂ ಒಂದೊಂದು ಕಥೆಯಿದೆ. ಈಗ ಹೇಳುವುದು ನನ್ನ ಮಡಚುವ ಚಾಕುವಿನದು ಮಾತ್ರ.

ನಮ್ಮ ಮನೆ ಬೆಟಗೇರಿಯಲ್ಲಿ. ನಾನು ಅಕ್ಕೋರಾಗಿ ಪಾಠ ಹೇಳುವ ಶಾಲೆ ಲಕ್ಷ್ಮೇಶ್ವರದ ಹತ್ತಿರದ ಒಂದು ಹಳ್ಳಿಯಲ್ಲಿ. ದಿನಾ ಬಸ್ಸಿನಲ್ಲಿ ಓಡಾಟ. ಸವತಿಕಾಯಿ, ಪೇರಲಹಣ್ಣು ಹೆಚ್ಚಿಕೊಂಡು ತಿನ್ನಲು ಚೀಲದಲ್ಲೊಂದು ಪುಟ್ಟ ಚಾಕು ಇರುತ್ತಿತ್ತು. ಹತ್ತು ವರ್ಷ ದುಡಿದ ಆ ಚಾಕು ಒಂದು ದಿನ ತೆರೆಯುವುದನ್ನೇ ಬಿಟ್ಟಿತು.

೧. ಶರತ್ತು

ನಮ್ಮ ಯಜಮಾನರು ಗದಗಿನ ಒಂದು ಪ್ರೆಸ್ಸಿನಲ್ಲಿ ಮಶೀನು ನಡೆಸುವವರು. ನಟ್ಟು ಬೋಲ್ಟಿನ ವಿದ್ಯೆ ತಮ್ಮ ಮನೆತನದ ಗಂಡಸರಿಗಷ್ಟೇ ಬರುತ್ತದೆ ಎಂದು ಅವರ ನಂಬಿಕೆ. ಅವರಿಗೆ ಚಾಕು ತೋರಿಸಿದೆ.

"ಒಗಿ ಅದನ್ನ. ಬಜಾರದಾಗ ಹೊಸಾದು ಸಿಗತೈತಿ."

"ಹೊಸಾದು ನಂಗ ಬ್ಯಾಡ್ರಿ. ಇದನ್ನ ಬಿಚ್ಚಿ ನೋಡ್ರಿ."

"ಇದು ಬಿಚ್ಚೂ ಸಾಮಾನಲ್ಲ."

"ಹಂಗಾರ ನಾನ ಬಿಚ್ಚತೀನಿ."

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀ ಇದನ್ನ ಬಿಚ್ಚಿ ಮತ್ತ ಜೋಡಿಸಿದಿ ಅಂದ್ರ, ಒಂದು ತಿಂಗಳ ಈ ಮನಿ ರೊಟ್ಟಿ ನಾ ಬಡೀತೀನಿ!"

ನಮ್ಮ ಅತ್ತೆ ಜೋಳ ಹಸನು ಮಾಡುತ್ತ ಕೂತಿದ್ದರು. ತಲೆ ಎತ್ತದೆ ಮಗನಿಗೆ ಹೇಳಿದರು: "ಹಿಟ್ಟು ಬೀಸಿಸಿ ಇಟ್ಟಿರ್ತೀನಪಾ."

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅತ್ತೆ ನನ್ನ ಪರ ಮಾತಾಡಿದ್ದು ಅದೇ ಮೊದಲು.

೨. ಹಾರಿದ ಸ್ಪ್ರಿಂಗು

ರವಿವಾರ ಪಡಸಾಲೆಯಲ್ಲಿ ಹಳೆಯ ಪೇಪರ್ ಹಾಸಿಕೊಂಡು ಕೂತೆ. ಎರಡು ಸ್ಕ್ರೂ ಬಿಚ್ಚಿ ಹಿಡಿಕೆಯ ಒಂದು ಬದಿ ಎತ್ತಿದೆ. ಒಳಗೆ ಪೇರಲ ಬೀಜ, ಸೀಮೆಸುಣ್ಣದ ಪುಡಿ, ಕೊತ್ತಂಬರಿಯ ಒಂದು ಕಡ್ಡಿ. ತೆರೆಯದೇ ಇದ್ದದ್ದರಲ್ಲಿ ಚಾಕುವಿನ ತಪ್ಪೇನೂ ಇರಲಿಲ್ಲ. ಬೀಜವನ್ನು ಪಿನ್ನಿನಿಂದ ಮೀಟುತ್ತಿದ್ದೆ. ಬೆನ್ನಿನ ಉಕ್ಕಿನ ಪಟ್ಟಿಗೆ, ಅಂದರೆ ಅದರ ಸ್ಪ್ರಿಂಗಿಗೆ, ಪಿನ್ನು ತಾಗಿತು. ಅದು ಟಣ್ ಎಂದು ಹಾರಿ ಮಾಯವಾಯಿತು.

ಹಾಸಿಗೆ ಜಾಡಿಸಿದೆವು. ಜೋಳದ ಮೊರ ಸುರುವಿದೆವು. ನಾನೂ ಅತ್ತೆಯೂ ಮೊಣಕಾಲೂರಿ ಕಪಾಟಿನ ಕೆಳಗೆ ತಲೆ ಹಾಕಿದ್ದಾಗ ಪಕ್ಕದ ಮನೆಯವರು ಬಂದು, "ಏನ ಕಳದೈತ್ರಿ? ಬಂಗಾರೇನ್ರಿ?" ಎಂದರು.

"ಬಂಗಾರ ಆಗಿದ್ರ ಇಷ್ಟೊತ್ತಿಗೆ ಬಿಟ್ಟಬಿಡ್ತಿದ್ಲು. ಚಾಕುನ ಸ್ಪ್ರಿಂಗ್ ಐತಿ," ಎಂದರು ಅತ್ತೆ.

ಮೊದಲಿನಿಂದಲೂ ಬಾಗಿಲಲ್ಲೇ ನಿಂತಿದ್ದ ಯಜಮಾನರು ಇದನ್ನೆಲ್ಲ ನೋಡಿ ನಕ್ಕು, ಚಹಾ ಕುಡಿದು ಬರಲು ಗದಗಿನ ಪೇಟೆಗೆ ಹೋದರು. ಎರಡು ತಾಸಿನ ಮೇಲೆ ಬಂದು ಅಂಗಿಯ ಜೇಬಿನಿಂದ ಅಡಿಕೆಪುಡಿಯ ಪೊಟ್ಟಣ ತೆಗೆದರು. ಅದರ ಬೆನ್ನಿಗೇ ಸ್ಪ್ರಿಂಗು ಕೆಳಗೆ ಬಿತ್ತು. ಹಾರಿದ್ದು ನೆಟ್ಟಗೆ ಅವರ ಜೇಬಿಗೇ ಹೋಗಿತ್ತು!

"ನಂಗ ಖಬರ ಇರಲಿಲ್ಲಲೇ!" ಎಂದರು ನಮ್ಮ ಮಶೀನು ಪಂಡಿತರು.

೩. ಸಾಣೆ ಚಾಚಾ

ತುಂಡುಗಳೆಲ್ಲ ಸಿಕ್ಕವು, ಆದರೆ ಅಲಗು ತಿರುಗುವ ಕೀಲು, ಅದನ್ನು ಬಿಡಿಸಲೆಂದು ನಾನು ಸುತ್ತಿಗೆಯಿಂದ ಬಡಿದ ಹೊಡೆತಕ್ಕೆ, ಸೊಟ್ಟಾಗಿತ್ತು. ಲಕ್ಷ್ಮೇಶ್ವರದ ಪೇಟೆಯಲ್ಲಿ ಚಾಕು, ಕುಡಗೋಲಿಗೆ ಸಾಣೆ ಹಿಡಿಯುವ ಒಬ್ಬ ವಯಸ್ಸಾದ ಚಾಚಾ ಇದ್ದಾರೆ. ಶಾಲೆ ಬಿಟ್ಟ ಮೇಲೆ ಅವರ ಮುಂದೆ ಕರ್ಚೀಫು ಬಿಚ್ಚಿ ಚಾಕುವಿನ ತುಂಡುಗಳನ್ನು ಹರವಿದೆ. ಅವರು ಬಗ್ಗಿ ನೋಡಿದರು.

"ಅಕ್ಕೋರ, ಇದಕ್ಕ ಮಣ್ಣು ಕೊಡೂದೊಂದ ಬಾಕಿ ಐತ್ರಿ."

"ಕೀಲ ಒಂದು ಕೊಡ್ರಿ ಚಾಚಾ. ಮುಂದಿಂದು ನಾ ನೋಡ್ಕೋತೀನಿ."

"ಇಟ್ಟ ಹೋಗ್ರಿ, ನಾ ಮಾಡಿ ಇಡ್ತೀನಿ."

"ನಾನ ಮಾಡಬೇಕ್ರಿ. ಮನ್ಯಾಗ ಶರತ್ತು ಐತಿ."

ಚಾಚಾ ನನ್ನ ಮುಖ ನೋಡಿದರು. ಆಮೇಲೆ ತಾವು ಕೂತ ಗೋಣಿತಟ್ಟಿನಿಂದ ಎದ್ದು, ಕೈಗೊಂದು ಮೊಳೆ, ಒಂದು ಅರ ಕೊಟ್ಟು, "ಕುಂಡ್ರಿ ಹಂಗಾರ," ಎಂದರು. ನಾನು ಸೆರಗು ಸಿಕ್ಕಿಸಿ ಕೂತು, ಮೊಳೆಯನ್ನು ಉಜ್ಜಿ ಕೀಲಿನ ಅಳತೆಗೆ ಇಳಿಸತೊಡಗಿದೆ.

ಅಷ್ಟರಲ್ಲಿ ಕುಡಗೋಲು ಹಿಡಿದು ಬಂದ ರೈತರೊಬ್ಬರು ನನ್ನನ್ನು ನೋಡಿ ಹೌಹಾರಿದರು. ಅವರ ಮಗಳು ನನ್ನ ಕ್ಲಾಸಿನವಳು.

"ಅಯ್ಯ ಅಕ್ಕೋರ! ಸರಕಾರದವರು ಪಗಾರ ಕೊಡವಲ್ರೇನ್ರಿ?"

ಎಷ್ಟು ತಿಳಿಸಿ ಹೇಳಿದರೂ ಅವರು ಕೇಳಿಸಿಕೊಳ್ಳಲಿಲ್ಲ. ಮರುದಿನ ಶಾಲೆಗೆ ಅರ್ಧ ಚೀಲ ಶೇಂಗಾ ಬಂತು. "ಪಗಾರ ಆಗೂ ತನಕಾ ಇರ್ಲಿ ಅಂತ ಅಪ್ಪ ಕೊಟ್ಟಾನ್ರಿ," ಎಂದಳು ಆ ಹುಡುಗಿ. ಹೆಡ್‌ಮಾಸ್ತರರೂ ಎರಡು ಬೊಗಸೆ ಒಯ್ದರು. ಅವರಿಗೆ ಪಗಾರ ಆಗಿತ್ತು.

೪. ರೊಟ್ಟಿ

ಹೊಸ ಕೀಲು ಹಾಕಿ ಜೋಡಿಸಿ, ಯಜಮಾನರ ಮುಂದೆ ಹಿಡಿದೆ. ಅವರು ಮುಟ್ಟಿದವರೇ "ಹಾ!" ಎಂದು ಕೈ ಜಾಡಿಸಿದರು. ಅಲಗನ್ನು ಹಿಂದುಮುಂದು ಕೂಡಿಸಿಬಿಟ್ಟಿದ್ದೆ. ಮಡಚಿದರೆ ಹರಿತ ಹೊರಗೆ, ತೆರೆದರೆ ಮೊಂಡು ಬೆನ್ನು ಕೆಳಗೆ.

"ಇದೇನ ಇದು? ಮುಚ್ಚಿದ್ರ ಕೊಯ್ಯತೈತಿ, ತಗದ್ರ ಕೊಯ್ಯಂಗಿಲ್ಲ!"

"ಇನ್ನೊಮ್ಮೆ ಬಿಚ್ಚತೀನಿ ತಗೋರಿ."

ಇನ್ನೊಮ್ಮೆ ಬಿಚ್ಚಿದೆ. ಮತ್ತೊಮ್ಮೆಯೂ ಬಿಚ್ಚಿದೆ. ಮೂರನೆಯ ಸಲಕ್ಕೆ ಚಾಕು ಬೆಣ್ಣೆಯ ಹಾಗೆ ತೆರೆದು, ಟಕ್ ಎಂದು ನಿಂತಿತು. ಅತ್ತೆ ಎದ್ದು ಹೋಗಿ ಹಿಟ್ಟಿನ ಡಬ್ಬಿ ತಂದು ಮಗನ ಮುಂದಿಟ್ಟರು.

ಯಜಮಾನರು ಬಡಿದ ಮೊದಲ ರೊಟ್ಟಿಗೆ ಮೂರು ಮೂಲೆಗಳಿದ್ದವು. ಎರಡನೆಯದು ಹಂಚಿನಿಂದ ಏಳಲೇ ಇಲ್ಲ. "ಸಾಕು ಬಿಡವ್ವಾ, ಪಾಪ ಅಂವ," ಎಂದು ಪಕ್ಕದ ಮನೆಯವರು ಹೇಳಿದರು. ನಾನು ಬಿಡಲಿಲ್ಲ. ಒಂದು ದವಡೆ ಹಲ್ಲು ಅಲುಗಾಡಿತು, ಆದರೂ ತಿಂಗಳು ಪೂರಾ ತಿಂದೆ.

೫. ಸಾಹೇಬರ ಕೈಯಲ್ಲಿ

ಶಾಲೆಗೆ ಪಾಠದ ಹೊಸ ಖೋಲಿ ಕಟ್ಟಿಸಿದ್ದಾಯಿತು. ಉದ್ಘಾಟನೆಗೆ ಶಿರಹಟ್ಟಿಯಿಂದ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರೊಬ್ಬರು ಬಂದರು. ತಾಟಿನಲ್ಲಿಟ್ಟ ಹೊಸ ಕತ್ತರಿ ರಿಬ್ಬನ್ನನ್ನು ಕತ್ತರಿಸಲೇ ಇಲ್ಲ. ಬರೇ ಅಗಿಯಿತು. ಸಾಹೇಬರು ಬೆವರಿದರು. ನಾನು ಚೀಲಕ್ಕೆ ಕೈ ಹಾಕಿ ಚಾಕು ಕೊಟ್ಟೆ. ಫಟ್! ಚಪ್ಪಾಳೆಯೋ ಚಪ್ಪಾಳೆ.

ಆದರೆ ಚಾಕು ಮಡಚಲಿಲ್ಲ. ಹಿಂದಿನ ದಿನ ಸ್ಕ್ರೂ ಒಂದು ಸುತ್ತು ಹೆಚ್ಚು ಬಿಗಿ ಮಾಡಿದ್ದೆ. ಸಾಹೇಬರು ಅದನ್ನು ವೇದಿಕೆಯ ಟೇಬಲ್ಲಿನ ಮೇಲಿಟ್ಟರೆ ಅದು ಉರುಳಿ ಕೆಳಗೆ ಕೂತ ಮಕ್ಕಳ ಕಡೆ ಬಿತ್ತು. ಹೆಡ್‌ಮಾಸ್ತರರು ಓಡಿ ಹೋಗಿ ಎತ್ತಿ, ಎರಡೂ ಕೈಯಿಂದ ಮತ್ತೆ ಅವರಿಗೇ ಒಪ್ಪಿಸಿದರು. ಹೀಗಾಗಿ ಸಾಹೇಬರು ಕೊರಳಲ್ಲಿ ಹಾರ, ಕೈಯಲ್ಲಿ ತೆರೆದ ಚಾಕು ಹಿಡಿದೇ ಭಾಷಣಕ್ಕೆ ನಿಂತರು. ಮಾತಿಗೊಮ್ಮೆ ಕೈ ಆಡಿಸುವ ರೂಢಿ ಅವರಿಗೆ. ಮುಂದಿನ ಸಾಲಿನವರು ಕುರ್ಚಿ ಹಿಂದೆ ಸರಿಸಿದರು.

ಕಡೆಗೆ ಸಾಹೇಬರು ಚಾಕು ಮುಂದೆ ಚಾಚಿ ಕೇಳಿದರು: "ಈ ಶಾಲಿ ಬಗ್ಗೆ ಯಾರದರ ಏನರ ತಕರಾರು ಐತೇನು?"

ಹನ್ನೆರಡು ತಕರಾರು ಬರೆದುಕೊಂಡು ಬಂದಿದ್ದ ಊರ ಹಿರಿಯರು ಚೀಟಿಯನ್ನು ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡರು. "ಎಲ್ಲಾ ಛಲೋ ಐತ್ರಿ ಸಾಹೇಬರ!"

ನಾನು ಎದ್ದು ನಿಂತೆ. ಹೆಡ್‌ಮಾಸ್ತರರು ನನ್ನ ಸೀರೆ ಜಗ್ಗಲಿಲ್ಲ ಅಷ್ಟೇ, "ಕುಂಡ್ರಿ, ಕುಂಡ್ರಿ" ಎಂದು ಕಣ್ಣಿನಲ್ಲೇ ಬೇಡಿಕೊಂಡರು.

"ಐತ್ರಿ ಸಾಹೇಬರ. ಹೆಣ್ಣಮಕ್ಕಳ ಪಾಯಖಾನಿಗೆ ಬಾಗಲಾ ಇಲ್ಲ. ಎರಡು ವರ್ಷಾತು, ಅರ್ಜಿ ಕೊಟ್ಟ ಕೊಟ್ಟ ಸಾಕಾಗೇತಿ."

ಬಾಗಿಲು ಮುಂದಿನ ವಾರವೇ ಬಂತೆನ್ನಿ. ಆದರೆ ಆ ಗಳಿಗೆಯಲ್ಲಿ ಸಾಹೇಬರಿಗೆ ಬಾಗಿಲಿಗಿಂತ ನನ್ನ ಧೈರ್ಯವೇ ದೊಡ್ಡ ವಿಷಯವಾಗಿತ್ತು.

"ಇಷ್ಟ ಮಂದಿ ಹೆದರಿ ಕುಂತಾರ, ನಿಮಗೊಬ್ಬರಿಗೆ ಹೆದರಿಕಿ ಇಲ್ಲೇನ್ರಿ ಅಕ್ಕೋರ?"

"ಹೆದರೂದ್ಯಾಕ್ರಿ?" ಎಂದೆ. "ಚಾಕು ನಂದ ಐತಿ. ಸವತಿಕಾಯಿ, ರಿಬ್ಬನ್ ಬಿಟ್ರ ಅದು ಮತ್ತೇನೂ ಕೊಯ್ಯಂಗಿಲ್ಲ."